ಗಾಬರಿ ಕಾಯಿಲೆಯಿಂದ ಹೊರಗೆ ಬರುವುದು: ಡಾಕ್ಟರ್ ಚೀಟಿ ಕೈಗೆ ಬಂದ ಮೇಲಿನ ದಾರಿ

"ಇದು ಹಾರ್ಟ್ ತೊಂದರೆ ಅಲ್ಲ, ಆತಂಕದ ಕಾಯಿಲೆ" ಅಂತ ಡಾಕ್ಟರ್ ಹೇಳಿ ಚೀಟಿ ಬರೆದುಕೊಟ್ಟ ದಿನ ಅರ್ಧ ಭಾರ ಇಳಿಯುತ್ತದೆ. ಇಷ್ಟು ದಿನ ಕಾಡಿದ್ದಕ್ಕೆ ಒಂದು ಹೆಸರು ಸಿಕ್ಕಿತಲ್ಲ ಅನ್ನುವ ಸಮಾಧಾನ. ನಿಜವಾದ ಕಷ್ಟ ಶುರುವಾಗುವುದು ಮಾರನೇ ದಿನದಿಂದ. ಮಾತ್ರೆ ನುಂಗಿದರೂ ಎದೆ ಡವಡವ ನಿಂತಿರುವುದಿಲ್ಲ. ಬಸ್ ಹತ್ತಲು ಕಾಲು ಬರುವುದಿಲ್ಲ. ಮನೆಯವರು ಗಂಟೆಗೊಮ್ಮೆ "ಈಗ ಹೇಗಿದೆ?" ಅಂತ ಕೇಳುತ್ತಾರೆ. ಎರಡು ವಾರ ಕಳೆದರೆ "ಇನ್ನೂ ಹುಷಾರಾಗ್ಲಿಲ್ವಾ?" ಅನ್ನುತ್ತಾರೆ.

ತುಮಕೂರಿನಿಂದ ಬೆಂಗಳೂರಿಗೆ ದಿನಾ ರೈಲಿನಲ್ಲಿ ಕೆಲಸಕ್ಕೆ ಹೋಗಿಬರುವವರಲ್ಲಿ ನಾನೂ ಒಬ್ಬಳು. ಈ ಕಾಯಿಲೆ ನನ್ನನ್ನು ತಿಂಗಳುಗಟ್ಟಲೆ ಮನೆಯಲ್ಲೇ ಕೂರಿಸಿತ್ತು. ಈಗ ಮತ್ತೆ ಅದೇ ರೈಲಿನಲ್ಲಿ ಓಡಾಡುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ, ಹಾಗಾಗಿ ಇಲ್ಲಿರುವುದನ್ನು ಚಿಕಿತ್ಸೆಯ ಜೊತೆಗೆ ಇಟ್ಟುಕೊಳ್ಳಿ, ಚಿಕಿತ್ಸೆಯ ಬದಲಿಗೆ ಬೇಡ. ಒಂದು ಮಾತನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಭಯ ಪೂರ್ತಿ ಹೋಗಲಿ, ಆಮೇಲೆ ಹೊರಗೆ ಹೋಗೋಣ ಅಂತ ಕಾದು ಕೂತರೆ ಆ ದಿನ ಬರುವುದಿಲ್ಲ. ಭಯ ಇರುವಾಗಲೇ ಬಿಟ್ಟ ಕೆಲಸಗಳನ್ನು ಒಂದೊಂದಾಗಿ ಮತ್ತೆ ಹಿಡಿಯಬೇಕು. ಭಯ ಇಳಿಯುವುದು ಅದಾದ ಮೇಲೆ.

1. ತಪಾಸಣೆ ಒಮ್ಮೆ ಸರಿಯಾಗಿ ಮಾಡಿಸಿ, ಆಮೇಲೆ ನಿಲ್ಲಿಸಿ

ಎದೆ ಹೊಡೆದುಕೊಳ್ಳುವುದು, ಕೈ ನಡುಕ, ಬೆವರು, ತೂಕ ಇಳಿಯುವುದು: ಥೈರಾಯ್ಡ್ ಜಾಸ್ತಿಯಾದರೂ ಇವೇ ಲಕ್ಷಣಗಳು. ಮೈಯಲ್ಲಿ ರಕ್ತ ಕಡಿಮೆಯಿದ್ದರೆ ಮೆಟ್ಟಿಲು ಹತ್ತಿದರೂ ಏದುಸಿರು ಬರುತ್ತದೆ. ಅಸ್ತಮಾದ ಇನ್‌ಹೇಲರ್ ಕೂಡ ಕೆಲವರಿಗೆ ಎದೆಬಡಿತ ಏರಿಸುತ್ತದೆ. ಹಾಗಾಗಿ ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಹಿಮೋಗ್ಲೋಬಿನ್, ಸಕ್ಕರೆ, ಇಸಿಜಿ, ಡಾಕ್ಟರ್ ಬೇಕೆಂದ ಬೇರೆ ಪರೀಕ್ಷೆಗಳು, ಎಲ್ಲವನ್ನೂ ಒಂದು ಸಲ ಮಾಡಿಸಿ. ಈಗಾಗಲೇ ತಗೊಳ್ಳುತ್ತಿರುವ ಮಾತ್ರೆಗಳನ್ನೂ ತೋರಿಸಿ.

ನಡೆದಾಗ ಬಂದು ನಿಂತಾಗ ಇಳಿಯುವ ಎದೆನೋವು, ಎಡಗೈಗೋ ದವಡೆಗೋ ಹರಡುವ ನೋವು, ಪ್ರಜ್ಞೆ ತಪ್ಪುವುದು, ಇವನ್ನು ಮನೆಯಲ್ಲೇ ಕೂತು "ಗಾಬರಿ ಇರಬೇಕು" ಅಂತ ತೀರ್ಮಾನಿಸಬೇಡಿ. ಸೀದಾ ಆಸ್ಪತ್ರೆಗೆ ಹೋಗಿ.

ರಿಪೋರ್ಟ್ ಎಲ್ಲ ಸರಿಯಿದೆ ಅಂತ ಬಂದ ಮೇಲೆ ಇನ್ನೊಂದು ಕಷ್ಟ. ಅದನ್ನು ಮನಸ್ಸು ಒಪ್ಪುವುದಿಲ್ಲ. ಇನ್ನೊಂದು ಇಸಿಜಿ ಮಾಡಿಸೋಣ, ಬೇರೆ ಡಾಕ್ಟರ್‌ಗೆ ತೋರಿಸೋಣ ಅನಿಸುತ್ತದೆ. ಮಾಡಿಸಿದರೆ ಎರಡು ದಿನ ಹಾಯಾಗಿರುತ್ತದೆ, ಮೂರನೇ ದಿನ ಅದೇ ಅನುಮಾನ ಮತ್ತೆ ಹಾಜರು. ಪರೀಕ್ಷೆ ಮಾಡಿಸಿದಷ್ಟೂ ಅನುಮಾನ ಬಲಿಯುತ್ತದೆ. ಹೊಸ ಲಕ್ಷಣ ಕಾಣಿಸಿಕೊಂಡರೆ ಖಂಡಿತ ತೋರಿಸಿ. ಹಳೆಯದಕ್ಕೇ ಹೊಸ ರಿಪೋರ್ಟ್ ಬೇಡ. ಬೆರಳಿಗೆ ಆಕ್ಸಿಮೀಟರ್ ಹಾಕಿಕೊಂಡು ಕೂರುವುದು, ವಾಚಿನಲ್ಲಿ ಪಲ್ಸ್ ನೋಡುತ್ತಿರುವುದು, ರಾತ್ರಿ ಹನ್ನೊಂದಕ್ಕೆ ಮೊಬೈಲಿನಲ್ಲಿ ಲಕ್ಷಣ ಹುಡುಕುವುದು ಎಲ್ಲವೂ ಇದೇ ಜಾತಿಗೆ ಸೇರಿದವು.

2. ಎಲ್ಲಿಗೆ ಹೋಗುವುದು

ತುಮಕೂರು ಜಿಲ್ಲಾಸ್ಪತ್ರೆಯಲ್ಲೇ ಮಾನಸಿಕ ರೋಗ ತಜ್ಞರು ಸಿಗುತ್ತಾರೆ. ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲೂ ಈ ವಿಭಾಗ ಇರುತ್ತದೆ. ಪಾವಗಡ, ಶಿರಾ, ಮಧುಗಿರಿ ಕಡೆಯವರು ಎಲ್ಲದಕ್ಕೂ ಜಿಲ್ಲಾ ಕೇಂದ್ರಕ್ಕೆ ಬರಬೇಕೆಂದಿಲ್ಲ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲೇ ತಜ್ಞರು ನೋಡುವ ವ್ಯವಸ್ಥೆ ಇದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಅಂತ ಆಸ್ಪತ್ರೆಯಲ್ಲೋ ಆಶಾ ಕಾರ್ಯಕರ್ತೆಯ ಹತ್ತಿರವೋ ಕೇಳಿಕೊಂಡು ಹೊರಡಿ.

ಟೆಲಿ ಮಾನಸ್ ಸಹಾಯವಾಣಿ 14416. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಈ ಸೇವೆಗೆ ನಿಮ್ಹಾನ್ಸ್ ಮುಖ್ಯ ಕೇಂದ್ರ. ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಬದುಕುವುದೇ ಬೇಡ ಅನಿಸಿದರೆ ಒಂದು ಗಂಟೆಯೂ ಕಾಯಬೇಡಿ. ಈ ನಂಬರಿಗೆ ಫೋನ್ ಮಾಡಿ, ಮನೆಯಲ್ಲಿ ಒಬ್ಬರಿಗೆ ಬಾಯಿಬಿಟ್ಟು ಹೇಳಿ, ಹತ್ತಿರದ ಆಸ್ಪತ್ರೆಗೆ ಹೋಗಿ.

ಓಪಿಡಿಯಲ್ಲಿ ಪರಿಚಯದವರು ನೋಡಿಬಿಟ್ಟರೆ? ನಮ್ಮದು ಅಂಥ ದೊಡ್ಡ ಊರಲ್ಲ, ಈ ಅಳುಕು ಎಲ್ಲರಿಗೂ ಇದೆ. ಒಂದಂತೂ ತಿಳಿದಿರಲಿ: ನಿಮ್ಮ ಕಾಯಿಲೆಯ ವಿವರವನ್ನು ಡಾಕ್ಟರ್ ಗುಟ್ಟಾಗಿಡಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ಇನ್ಶೂರೆನ್ಸ್ ಕಂಪನಿಗಳು ಮಾನಸಿಕ ಕಾಯಿಲೆಗೂ ದೇಹದ ಕಾಯಿಲೆಯ ಹಾಗೆಯೇ ವಿಮೆ ಕೊಡಬೇಕು ಅನ್ನುವುದೂ ಅದರಲ್ಲಿದೆ.

ಮಾತ್ರೆ ಬರೆಯುವವರು ಸೈಕಿಯಾಟ್ರಿಸ್ಟ್. ಮಾತಿನ ಚಿಕಿತ್ಸೆ ಮಾಡುವವರು ಹೆಚ್ಚಾಗಿ ಸೈಕಾಲಜಿಸ್ಟ್. "ಸಿಬಿಟಿ ಮಾಡ್ತೀರಾ?" ಅಂತ ನೇರವಾಗಿ ಕೇಳಿ. ಸಿಬಿಟಿ ಅಂದರೆ ಯೋಚನೆಯ ರೀತಿಯನ್ನೂ ನಡವಳಿಕೆಯನ್ನೂ ಅಭ್ಯಾಸದಿಂದ ಬದಲಿಸುವುದು. ಆತಂಕಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ ಅಂತ ಪರೀಕ್ಷೆಯಲ್ಲಿ ಗೆದ್ದಿರುವ ಮಾತಿನ ಚಿಕಿತ್ಸೆ ಅದು. ಸಾಮಾನ್ಯವಾಗಿ ವಾರಕ್ಕೊಮ್ಮೆಯಂತೆ 12ರಿಂದ 16 ಸಲ ಹೋಗಬೇಕಾಗುತ್ತದೆ. ಬರೀ ಧೈರ್ಯ ಹೇಳಿ ಕಳಿಸುವ ಕೌನ್ಸೆಲಿಂಗ್ ಬೇರೆ, ಮನೆಗೆ ಅಭ್ಯಾಸ ಕೊಟ್ಟು ಮುಂದಿನ ವಾರ ಏನು ಮಾಡಿದಿರಿ ಅಂತ ಕೇಳುವ ಸಿಬಿಟಿ ಬೇರೆ.

3. ಮಾತ್ರೆಯ ಮೊದಲ ತಿಂಗಳು

ಜಾಸ್ತಿ ಜನ ಕೈಬಿಡುವುದು ಇಲ್ಲೇ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಆತಂಕಕ್ಕೆ ಸಾಮಾನ್ಯವಾಗಿ ಎರಡು ಬಗೆಯ ಮಾತ್ರೆ ಬರೆಯುತ್ತಾರೆ. ಎಸ್ಸಿಟಲೋಪ್ರಾಮ್, ಸರ್ಟ್ರಾಲಿನ್, ಪ್ಯಾರಾಕ್ಸೆಟಿನ್ ಒಂದು ಬಗೆ. ಇವು ನಿಧಾನ. ಗುಣ ಕಾಣಿಸಲು ಎರಡರಿಂದ ನಾಲ್ಕು ವಾರ ಬೇಕು, ಪೂರ್ತಿ ಪರಿಣಾಮಕ್ಕೆ ಕೆಲವರಿಗೆ ಎರಡು ಮೂರು ತಿಂಗಳೇ ಬೇಕು. ಮೊದಲ ಒಂದೆರಡು ವಾರ ಕೆಲವರಿಗೆ ಗಾಬರಿ ಸ್ವಲ್ಪ ಜಾಸ್ತಿಯೇ ಆಗುತ್ತದೆ. ಹೊಟ್ಟೆ ತೊಳಸುವುದು, ಭೇದಿ, ತಲೆನೋವು, ನಿದ್ದೆ ಏರುಪೇರು ಕೂಡ ಇರಬಹುದು. "ಮಾತ್ರೆ ನನಗೆ ಆಗಿಬರಲಿಲ್ಲ" ಅಂತ ಐದನೇ ದಿನಕ್ಕೆ ಬಿಡುವವರು ಬಿಡುವುದು ಇದನ್ನು ಕಂಡೇ. ಹೀಗಾಗಬಹುದು ಅಂತ ಮೊದಲೇ ಗೊತ್ತಿದ್ದರೆ ದಾಟುವುದು ಸುಲಭ. ತಡೆಯಲು ಆಗದಿದ್ದರೆ ಫೋನ್ ಮಾಡಿ ಕೇಳಿ, ಡಾಕ್ಟರ್ ಡೋಸ್ ಕಡಿಮೆ ಮಾಡಿ ನಿಧಾನಕ್ಕೆ ಏರಿಸುತ್ತಾರೆ. ಚಡಪಡಿಕೆ ವಿಪರೀತವಾದರೆ, ಸಾಯುವ ಯೋಚನೆ ಬಂದರೆ ಅವತ್ತೇ ತಿಳಿಸಿ, ಅದರಲ್ಲೂ ಹರೆಯದವರು. ಲೈಂಗಿಕ ಆಸಕ್ತಿ ಕುಗ್ಗುವುದೂ ಇದೆ. ಹೇಳಿಕೊಳ್ಳಲು ನಾಚಿಕೆಯಾಗಿ ಸುಮ್ನೆ ಮಾತ್ರೆ ಬಿಡಬೇಡಿ. ಡಾಕ್ಟರ್‌ಗೆ ಇದು ದಿನಾ ಕೇಳುವ ಮಾತು, ಬೇರೆ ಮಾತ್ರೆಗೆ ಬದಲಿಸಲು ದಾರಿ ಇದೆ.

ಕ್ಲೋನಾಜೆಪಾಮ್, ಆಲ್ಪ್ರಜೋಲಾಮ್ ಇನ್ನೊಂದು ಬಗೆ. ಇವು ಬೇಗ ಕೆಲಸ ಮಾಡುತ್ತವೆ. ಅಪಾಯ ಇರುವುದೂ ಅಲ್ಲೇ. ಇವನ್ನು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಕ್ಕೆ ಮಾತ್ರ ಬರೆಯುತ್ತಾರೆ, ಯಾಕೆಂದರೆ ದೇಹಕ್ಕೆ ರೂಢಿಯಾಗಿಬಿಡುತ್ತದೆ. ಹಳೇ ಚೀಟಿ ತೋರಿಸಿ ಮೆಡಿಕಲ್ ಸ್ಟೋರಿನಲ್ಲಿ ಮತ್ತೆ ಮತ್ತೆ ತಗೊಳ್ಳಬೇಡಿ. ಬಹಳ ದಿನ ತಗೊಂಡಿದ್ದರೆ ಒಮ್ಮೆಲೇ ನಿಲ್ಲಿಸಲೂ ಬೇಡಿ, ಫಿಟ್ಸ್ ಬರಬಹುದು. ಡಾಕ್ಟರ್ ಹೇಳಿದ ಹಾಗೆ ನಿಧಾನಕ್ಕೆ ಇಳಿಸಬೇಕು. ಈ ಮಾತ್ರೆ ನುಂಗಿದ ದಿನ ಹೆಂಡ ಮುಟ್ಟಲೇಬಾರದು, ಉಸಿರಾಟಕ್ಕೇ ತೊಂದರೆಯಾಗಬಹುದು. ಎದೆಬಡಿತಕ್ಕೆ ಕೊಡುವ ಪ್ರೊಪ್ರಾನೊಲಾಲ್ ಅಸ್ತಮಾ ಇರುವವರಿಗೆ ಆಗುವುದಿಲ್ಲ. ಪಕ್ಕದ ಮನೆಯವರ ಚೀಟಿ ನಿಮಗೆ ಬೇಡ ಅನ್ನುವುದು ಇದಕ್ಕೇ.

4. ಗಾಬರಿ ಏರಿದಾಗ

ಪ್ಯಾನಿಕ್ ಅಟ್ಯಾಕ್, ಅಂದರೆ ಇದ್ದಕ್ಕಿದ್ದ ಹಾಗೆ ಜೋರಾಗಿ ಏರುವ ಗಾಬರಿ, ಸುಮಾರು ಹತ್ತು ನಿಮಿಷದಲ್ಲಿ ತುದಿ ಮುಟ್ಟುತ್ತದೆ, ಹೆಚ್ಚಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಸತ್ತೇ ಹೋಗುತ್ತೇನೆ ಅನಿಸುತ್ತದೆ, ಆದರೆ ಅದರಿಂದ ಸಾವು ಬರುವುದಿಲ್ಲ.

ಜೋರಾಗಿ ಉಸಿರು ಎಳೆಯಬೇಡಿ. ಅದರಿಂದ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗಿ ತಲೆ ಇನ್ನೂ ಹಗುರಾಗುತ್ತದೆ, ಬೆರಳು ಜುಮ್ ಅನ್ನುತ್ತದೆ. ಮೂಗಿನಿಂದ ನಾಲ್ಕು ಎಣಿಸುವಷ್ಟು ಒಳಗೆ, ಬಾಯಿಂದ ಆರು ಎಣಿಸುವಷ್ಟು ಹೊರಗೆ. ಪಾದ ನೆಲಕ್ಕೆ ಒತ್ತಿ. "ಇದು ಗಾಬರಿ. ಏರಿದೆ, ಇಳಿಯುತ್ತದೆ" ಅಂತ ಮನಸ್ಸಿನಲ್ಲೇ ಅಂದುಕೊಳ್ಳಿ. ಆದಷ್ಟೂ ಇದ್ದ ಜಾಗದಲ್ಲೇ ಇರಿ. ಓಡಿಹೋದರೆ ಆ ಕ್ಷಣಕ್ಕೆ ಹಾಯೆನಿಸುತ್ತದೆ, ಆದರೆ "ಓಡಿದ್ದಕ್ಕೇ ಬದುಕಿದೆ" ಅಂತ ಮೆದುಳು ಕಲಿತುಬಿಡುತ್ತದೆ.

ಈ ಕಾಯಿಲೆಯ ಮರ್ಮವೇ ಇದು. ಬೀದಿ ನಾಯಿ ನೋಡಿ, ಓಡಿದರೆ ಅಟ್ಟಿಸಿಕೊಂಡು ಬರುತ್ತದೆ, ದಿನಾ ಅದೇ ಬೀದಿಯಲ್ಲಿ ನಿಧಾನಕ್ಕೆ ನಡೆದರೆ ಒಂದು ದಿನ ತಲೆ ಎತ್ತಿಯೂ ನೋಡುವುದಿಲ್ಲ.

5. ಬಿಟ್ಟದ್ದನ್ನು ವಾಪಸ್ ಹಿಡಿಯುವುದು

ಚೇತರಿಕೆಯ ಮುಖ್ಯ ಕೆಲಸ ಇದೇ ಅಂತ ನಾನು ನಂಬಿದ್ದೇನೆ. ಮಾತ್ರೆ ಭಯದ ದನಿ ತಗ್ಗಿಸುತ್ತದೆ, ಆದರೆ ರೈಲು ಹತ್ತಿಸುವುದಿಲ್ಲ. ಹತ್ತಬೇಕಾದವರು ನಾವೇ.

ಒಂದು ನೋಟ್‌ಬುಕ್ ತಗೊಳ್ಳಿ. ಭಯದಿಂದ ಬಿಟ್ಟದ್ದನ್ನೆಲ್ಲ ಬರೆಯಿರಿ. ಪಕ್ಕದಲ್ಲಿ ಹತ್ತಕ್ಕೆ ಎಷ್ಟು ಭಯ ಅಂತ ಅಂಕ ಹಾಕಿ. ಮೂರು ನಾಲ್ಕು ಅಂಕದ್ದರಿಂದ ಶುರು ಮಾಡಿ. ಒಂಬತ್ತಕ್ಕೆ ಮೊದಲೇ ಕೈ ಹಾಕುವ ಹುರುಪು ಬೇಡ.

ರೈಲಿನ ಭಯಕ್ಕೆ ತುಮಕೂರಿನವರಿಗೆ ಒಂದು ಅನುಕೂಲ ಇದೆ, ಪ್ಯಾಸೆಂಜರ್ ರೈಲು ಸಣ್ಣ ಸಣ್ಣ ಸ್ಟೇಷನ್‌ಗಳಲ್ಲೂ ನಿಲ್ಲುತ್ತದೆ. ಮೊದಲ ವಾರ ಸುಮ್ನೆ ಪ್ಲಾಟ್‌ಫಾರ್ಮಿಗೆ ಹೋಗಿ ಕೂತು, ರೈಲು ಬಂದು ಹೋಗುವುದನ್ನು ನೋಡಿ ಬನ್ನಿ. ಆಮೇಲೆ ಕ್ಯಾತ್ಸಂದ್ರದವರೆಗೆ ಟಿಕೆಟ್. ಅಲ್ಲಿ ಇಳಿದು ತಟ್ಟೆ ಇಡ್ಲಿ ತಿಂದು ಬಸ್ಸಿನಲ್ಲಿ ವಾಪಸ್ ಬನ್ನಿ. ಬರೀ ಬಹುಮಾನಕ್ಕೆ ಅಂತ ಹೇಳುತ್ತಿಲ್ಲ. ಗಂಟಲು ಕಟ್ಟಿದ ಹಾಗೆ ಅನಿಸುವಾಗ ಹೊರಗೆ ಕೂತು ತಿನ್ನುವುದೂ ಒಂದು ಅಭ್ಯಾಸವೇ. ಅದು ಸಲೀಸಾದ ಮೇಲೆ ಹಿರೇಹಳ್ಳಿ, ಆಮೇಲೆ ಡಾಬಸ್‌ಪೇಟೆ. ನಂತರ ಯಶವಂತಪುರದವರೆಗೆ, ಮೊದಲು ರಜಾ ದಿನ ಖಾಲಿ ಬೋಗಿಯಲ್ಲಿ, ಆಮೇಲೆ ಬೆಳಗಿನ ರಷ್‌ನಲ್ಲಿ. ಕೊನೆಗೆ ನಡುವೆ ನಿಲ್ಲದ ಎಕ್ಸ್‌ಪ್ರೆಸ್. ಬೇಕೆಂದಾಗ ಇಳಿಯಲು ಆಗುವುದಿಲ್ಲ ಅನ್ನುವುದೇ ಅದರ ಪಾಠ.

ಪ್ರತಿ ಸಲ ಹೊರಡುವ ಮೊದಲು ಒಂದು ಸಾಲು, ಬಂದ ಮೇಲೆ ಒಂದು ಸಾಲು ಬರೆಯಿರಿ. ನನ್ನ ನೋಟ್‌ಬುಕ್ಕಿನ ಒಂದು ಪುಟ ಹೀಗಿದೆ: "ಹೋಗುವ ಮುಂಚೆ: ಹಿರೇಹಳ್ಳಿ ದಾಟುವಷ್ಟರಲ್ಲಿ ತಲೆ ಸುತ್ತಿ ಬಿದ್ದುಬಿಡ್ತೀನಿ, ಎಲ್ಲರೂ ಸುತ್ತ ನಿಂತ್ಕೋತಾರೆ. ಭಯ 8. ಬಂದ ಮೇಲೆ: ತಲೆ ಸುತ್ತಿದ ಹಾಗಾಯ್ತು, ಬೀಳಲಿಲ್ಲ. ಎದುರಿಗಿದ್ದ ಅಜ್ಜಿ ಕಡಲೆಕಾಯಿ ಕೊಟ್ಟರು. ಭಯ 5." ಹೀಗೆ ಬರೆಯುತ್ತಾ ಹೋದರೆ ನಾವು ಅಂದುಕೊಂಡದ್ದಕ್ಕೂ ಆದದ್ದಕ್ಕೂ ಎಷ್ಟು ಅಂತರ ಅನ್ನುವುದು ನಮ್ಮ ಅಕ್ಷರದಲ್ಲೇ ಕಾಣುತ್ತದೆ. ಬೇರೆಯವರು ಎಷ್ಟು ಧೈರ್ಯ ಹೇಳಿದರೂ ಇದರಷ್ಟು ನಾಟುವುದಿಲ್ಲ.

ನಿಯಮ ಮೂರೇ. ಪಟ್ಟಿಯ ಒಂದೊಂದು ಕೆಲಸವೂ ಒಂದು ಮೆಟ್ಟಿಲು; ಒಂದೇ ಮೆಟ್ಟಿಲನ್ನು ವಾರದಲ್ಲಿ ಹಲವು ಸಲ ಮಾಡಿ, ತಿಂಗಳಿಗೊಮ್ಮೆ ಮಾಡಿದರೆ ಉಪಯೋಗವಿಲ್ಲ. ಭಯ ಸ್ವಲ್ಪವಾದರೂ ಇಳಿಯುವವರೆಗೆ ಅಲ್ಲೇ ಇರಿ. ಊರುಗೋಲುಗಳನ್ನು ಒಂದೊಂದಾಗಿ ಬಿಡಿ. ಊರುಗೋಲು ಅಂದರೆ ಗಾಬರಿಯಾದರೆ ಇರಲಿ ಅಂತ ಜೇಬಿನಲ್ಲಿಟ್ಟ ಮಾತ್ರೆ, ಕೈಯಲ್ಲೇ ಇರಬೇಕಾದ ನೀರಿನ ಬಾಟಲಿ, ಬಾಗಿಲ ಪಕ್ಕದ ಸೀಟು, ಜೊತೆಗೆ ಬರಲೇಬೇಕಾದ ತಮ್ಮ, ಫೋನಿನ ಆ ತುದಿಯಲ್ಲಿ ಮಾತಾಡುತ್ತಲೇ ಇರಬೇಕಾದ ಗಂಡ. ಇವಿದ್ದರೆ "ಬಾಟಲಿ ಇದ್ದದ್ದಕ್ಕೆ ಏನೂ ಆಗಲಿಲ್ಲ" ಅನಿಸುತ್ತದೆಯೇ ಹೊರತು "ಏನೂ ಆಗುವುದಿಲ್ಲ" ಅನಿಸುವುದಿಲ್ಲ.

ಎದೆಬಡಿತದ ಭಯವೇ ದೊಡ್ಡದಾಗಿದ್ದರೆ ಎದೆಬಡಿತವನ್ನು ಬೇಕೆಂದೇ ತರಿಸಿಕೊಳ್ಳಬೇಕು. ಹೃದಯ ಸರಿಯಿದೆ ಅಂತ ಡಾಕ್ಟರ್ ಹೇಳಿದ ಮೇಲೆ ದೇವರಾಯನದುರ್ಗಕ್ಕೆ ಹೋಗಿ, ಮೇಲಿನ ನರಸಿಂಹ ಸ್ವಾಮಿ ಗುಡಿಯವರೆಗೆ ಮೆಟ್ಟಿಲು ಹತ್ತಿ. ಎದೆ ಹೊಡೆದುಕೊಳ್ಳುತ್ತದೆ, ಬೆವರುತ್ತದೆ, ಬಾಯಿ ಒಣಗುತ್ತದೆ, ಮೇಲೆ ಹೋಗಿ ಕೂತರೆ ಇಳಿಯುತ್ತದೆ. ಅಟ್ಯಾಕ್‌ನಲ್ಲಿ ಆಗುವುದೂ ಇದೇ ಅಲ್ವಾ?

ಎಲ್ಲರ ಭಯವೂ ರೈಲಿನದಲ್ಲ. ಮದುವೆ ಛತ್ರದಲ್ಲಿ ನಾಲ್ಕು ಜನರ ಎದುರು ಮಾತಾಡಲು ಆಗದವರು, ಮೊದಲು ಅಂಗಡಿಯಲ್ಲಿ ತಗೊಂಡ ಸಾಮಾನನ್ನು ಬದಲಿಸಿಕೊಡಿ ಅಂತ ಕೇಳುವುದರಿಂದ ಶುರು ಮಾಡಬಹುದು. ಮಳೆ, ಬೋರ್‌ವೆಲ್, ಸಾಲ, ಮಕ್ಕಳ ಓದು ಅಂತ ಇಡೀ ದಿನ ಚಿಂತೆ ಸುತ್ತುವವರಿಗೆ ಬೇರೆ ಉಪಾಯ: ಸಂಜೆ ಇಪ್ಪತ್ತು ನಿಮಿಷ ಚಿಂತೆಗೇ ಮೀಸಲಿಡಿ. ಹಗಲು ಬಂದ ಚಿಂತೆಯನ್ನು ಒಂದು ಸಾಲು ಬರೆದು ಸಂಜೆಗೆ ದೂಡಿ. ಸಂಜೆ ಕೂತು, ನಾಳೆ ಏನಾದರೂ ಮಾಡಲು ಆಗುವಂಥದ್ದಕ್ಕೆ ಆ ಕೆಲಸ ಬರೆದುಕೊಳ್ಳಿ, ಉಳಿದದ್ದನ್ನು ಹಾಗೇ ಬಿಡಿ.

6. ಊಟ, ನಿದ್ದೆ, ಕಾಫಿ

ಕಾಫಿ ಟೀ ಇಳಿಸಿ, ಮಧ್ಯಾಹ್ನದ ಮೇಲೆ ಬೇಡ. ಹೊತ್ತಿಗೆ ಊಟ ಮಾಡಿ, ಹಸಿದ ಹೊಟ್ಟೆಯ ನಡುಕವೂ ಗಾಬರಿಯ ಹಾಗೇ ಇರುತ್ತದೆ. ರಾತ್ರಿ ಕುಡಿದರೆ ನಿದ್ದೆ ಬರುತ್ತದೆ ನಿಜ, ಬೆಳಿಗ್ಗೆ ಆತಂಕ ದುಪ್ಪಟ್ಟಾಗಿ ಬರುತ್ತದೆ. ದಿನಾ ಅಮಾನಿಕೆರೆ ಏರಿಯ ಕಡೆ ಅರ್ಧ ಗಂಟೆ ಬಿರುಸಾಗಿ ನಡೆದರೂ ಸಾಕು.

7. ಮನೆಯವರಿಗೆ

ಈ ಭಾಗವನ್ನು ಮನೆಯವರಿಗೇ ಓದಲು ಕೊಡಿ.

"ಯೋಚನೆ ಮಾಡ್ಬೇಡ ಕಣೇ", "ಮನಸ್ಸು ಗಟ್ಟಿ ಮಾಡ್ಕೋ", "ಎಲ್ಲಾ ಚೆನ್ನಾಗೇ ಇದ್ಯಲ್ಲ, ನಿಂಗೇನು ಕಮ್ಮಿ?" ಇವನ್ನು ಪ್ರೀತಿಯಿಂದಲೇ ಹೇಳುತ್ತೀರಿ, ಗೊತ್ತು. ಕೇಳುವವರಿಗೆ ಮಾತ್ರ "ತಪ್ಪು ನಿನ್ನದೇ" ಅಂದ ಹಾಗೆ ಕೇಳಿಸುತ್ತದೆ. ಬದಲಿಗೆ "ಕಷ್ಟ ಆಗ್ತಿದೆ ಅಂತ ಕಾಣ್ತಿದೆ. ಇವತ್ತು ಯಾವ ಮೆಟ್ಟಿಲು?" ಅಂತ ಕೇಳಿ.

ಅತಿಯಾದ ಆರೈಕೆಯೂ ಕಾಯಿಲೆಯನ್ನು ಸಾಕುತ್ತದೆ. ಅಂಗಡಿಗೆ ನೀವೇ ಹೋಗುವುದು, ಒಬ್ಬರನ್ನೇ ಬಿಡದೇ ಇರುವುದು, "ನಂಗೇನೂ ಆಗಲ್ಲ ಅಲ್ವಾ?" ಅಂತ ಕೇಳಿದಾಗಲೆಲ್ಲ "ಏನೂ ಆಗಲ್ಲ" ಅನ್ನುತ್ತಿರುವುದು. ಇವನ್ನು ಒಂದೇ ದಿನ ಕಿತ್ತುಕೊಳ್ಳಬೇಡಿ, ಕೂತು ಮಾತಾಡಿಕೊಂಡು ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡಿ. ಸ್ಟೇಷನ್‌ವರೆಗೆ ಬಿಡುತ್ತಿದ್ದವರು ರಸ್ತೆಯ ತಿರುವಿನವರೆಗೆ ಬಿಡಲಿ.

ಗೊರವನಹಳ್ಳಿಗೆ ಹರಕೆ ಹೊತ್ತಿದ್ದರೆ ತೀರಿಸಿ ಬನ್ನಿ, ಮನಸ್ಸಿಗೆ ನೆಮ್ಮದಿ ಅನಿಸಿದರೆ ಒಳ್ಳೆಯದೇ. ತಾಯತ ಕಟ್ಟಿಸಿದೆವು ಅಂತ ಮಾತ್ರೆ ನಿಲ್ಲಿಸುವುದು ಮಾತ್ರ ಬೇಡ.

ಮದುವೆಯ ಮಾತು. ಹೆಣ್ಣುಮಕ್ಕಳ ವಿಷಯದಲ್ಲಿ ಇದನ್ನು ಮುಚ್ಚಿಡುವುದೇ ಜಾಣತನ ಅಂತ ಹಿರಿಯರು ಅಂದುಕೊಳ್ಳುತ್ತಾರೆ. ಹೊಸ ಮನೆಯಲ್ಲಿ ಮಾತ್ರೆ ಬಚ್ಚಿಟ್ಟು ನುಂಗಬೇಕಾದ ಹುಡುಗಿ ಒಂದು ದಿನ ತಪ್ಪಿಸುತ್ತಾಳೆ, ಎರಡು ದಿನ ತಪ್ಪಿಸುತ್ತಾಳೆ, ಕೊನೆಗೆ ಬಿಟ್ಟೇಬಿಡುತ್ತಾಳೆ. ಕಾಯಿಲೆ ವಾಪಸ್ ಬರುವುದು ಹೀಗೆ. ಮಾತುಕತೆ ಮುಗಿಯುವ ಮೊದಲೇ ಹುಡುಗನಿಗೆ ನೇರವಾಗಿ ಹೇಳುವುದು ಒಳ್ಳೆಯದು ಅಂತ ನನ್ನ ಗಟ್ಟಿ ಅಭಿಪ್ರಾಯ. ಬಸುರಿಯಾದರೆ ಗಾಬರಿಯಿಂದ ಮಾತ್ರೆ ನಿಲ್ಲಿಸದೆ ಡಾಕ್ಟರ್ ಹತ್ತಿರ ಹೋಗಿ. ಯಾವುದು ಇರಬೇಕು, ಯಾವುದು ಬದಲಾಗಬೇಕು ಅಂತ ಅವರು ತೂಗಿ ನೋಡುತ್ತಾರೆ.

8. ಹಿಂದೆ ಬಿದ್ದಾಗ

ಎರಡು ತಿಂಗಳು ಚೆನ್ನಾಗಿದ್ದು, ಒಂದು ಬೆಳಿಗ್ಗೆ ಇದ್ದಕ್ಕಿದ್ದ ಹಾಗೆ ಅಟ್ಯಾಕ್ ಬರುತ್ತದೆ. ಜ್ವರ ಬಂದು ಹೋದ ಮೇಲೆ, ನಿದ್ದೆಗೆಟ್ಟಾಗ, ಮುಟ್ಟಿನ ಹಿಂದುಮುಂದಿನ ದಿನಗಳಲ್ಲಿ, ಹತ್ತಿರದವರು ತೀರಿಕೊಂಡಾಗ ಇದು ಹೆಚ್ಚು. "ಮತ್ತೆ ಮೊದಲಿನಿಂದ ಶುರುವಾಯ್ತು" ಅನ್ನುವ ನಿರಾಸೆ ಅಟ್ಯಾಕ್‌ಗಿಂತ ಜಾಸ್ತಿ ಹಿಂಡುತ್ತದೆ. ಮೊದಲಿನಿಂದ ಶುರುವಾಗಿಲ್ಲ. ಕಲಿತದ್ದು ಎಲ್ಲೂ ಹೋಗಿರುವುದಿಲ್ಲ.

ಚೆನ್ನಾಗಿರುವಾಗಲೇ ಒಂದು ಹಾಳೆಯಲ್ಲಿ ಬರೆದಿಡಿ: ನನಗೆ ಮೊದಲು ಕೆಡುವುದು ಏನು (ನಿದ್ದೆಯಾ, ಊಟವಾ, ಫೋನ್ ಎತ್ತದಿರುವುದಾ), ಆಗ ಯಾವ ಮೆಟ್ಟಿಲಿಗೆ ಇಳಿದು ಮತ್ತೆ ಹತ್ತಬೇಕು, ಯಾರಿಗೆ ಹೇಳಬೇಕು. ಅಟ್ಯಾಕ್ ಆದ ಒಂದೆರಡು ದಿನದೊಳಗೆ ಅದೇ ಜಾಗಕ್ಕೆ ಮತ್ತೆ ಹೋಗಿ. ವಾರಗಟ್ಟಲೆ ಬಿಟ್ಟರೆ ತಪ್ಪಿಸಿಕೊಳ್ಳುವುದೇ ರೂಢಿಯಾಗುತ್ತದೆ.

ಮನಸ್ಸಿನ ಲೆಕ್ಕ ನಂಬಬೇಡಿ, ಕೆಟ್ಟ ದಿನ ಅದಕ್ಕೆ ಒಳ್ಳೆಯದು ಯಾವುದೂ ನೆನಪಿರುವುದಿಲ್ಲ. ಆತಂಕ ಅಳೆಯಲು ಜಿಎಡಿ-7 ಅಂತ ಏಳು ಪ್ರಶ್ನೆಯ ಚಿಕ್ಕ ಪಟ್ಟಿ ಇದೆ, ಹಿಂದಿನ ಎರಡು ವಾರದ ಬಗ್ಗೆ ಕೇಳುತ್ತದೆ. ಒಟ್ಟು 21 ಅಂಕ. 5 ಮುಟ್ಟಿದರೆ ಸ್ವಲ್ಪ, 10 ಮುಟ್ಟಿದರೆ ಮಧ್ಯಮ, 15 ಮುಟ್ಟಿದರೆ ಜೋರು ಆತಂಕ. ಡಾಕ್ಟರ್ ಹತ್ತಿರ ಕೇಳಿ ಪಡೆದು ತಿಂಗಳಿಗೊಮ್ಮೆ ತುಂಬಿ. ಅದರ ಜೊತೆಗೆ ಈ ತಿಂಗಳು ಎಲ್ಲೆಲ್ಲಿಗೆ ಒಬ್ಬರೇ ಹೋದಿರಿ ಅಂತಲೂ ಬರೆದಿಡಿ. ನನಗೆ ಅಂಕಕ್ಕಿಂತ ಆ ಪಟ್ಟಿಯ ಮೇಲೇ ಹೆಚ್ಚು ಭರವಸೆ.

9. ಮಾತ್ರೆ ನಿಲ್ಲಿಸುವುದು

ಪೂರ್ತಿ ಹುಷಾರಾದೆ ಅನಿಸಿದ ಮೇಲೂ ಕನಿಷ್ಠ ಆರು ತಿಂಗಳಿಂದ ಒಂದು ವರ್ಷ ಮಾತ್ರೆ ಮುಂದುವರಿಸಲು ಹೇಳುತ್ತಾರೆ. ಬೇಗ ಬಿಟ್ಟರೆ ಕಾಯಿಲೆ ಮರುಕಳಿಸುವ ಸಾಧ್ಯತೆ ಜಾಸ್ತಿ. ನಿಲ್ಲಿಸುವ ಸಮಯವನ್ನು ಡಾಕ್ಟರ್ ಜೊತೆ ಕೂತು ಆರಿಸಿಕೊಳ್ಳಿ. ಪರೀಕ್ಷೆ, ಮದುವೆ, ಕೆಲಸ ಬದಲಿಸುವ ತಿಂಗಳು ಬೇಡ. ಒಮ್ಮೆಲೇ ನಿಲ್ಲಿಸದೆ, ವಾರಗಳೋ ತಿಂಗಳುಗಳೋ ಹಿಡಿದು ಹಂತಹಂತವಾಗಿ ಇಳಿಸುತ್ತಾರೆ.

ಡೋಸ್ ಇಳಿಸಿದ ಒಂದೆರಡು ದಿನಕ್ಕೇ ತಲೆಸುತ್ತು, ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಅನಿಸುವುದು, ಸಿಡುಕು, ವಿಚಿತ್ರ ಕನಸು ಬಂದರೆ ಅದು ಹೆಚ್ಚಾಗಿ ಮಾತ್ರೆ ಕಡಿಮೆಯಾದದ್ದರ ಪರಿಣಾಮ. ಕಾಯಿಲೆಯೇ ವಾಪಸ್ ಬರುವುದಾದರೆ ಸಾಮಾನ್ಯವಾಗಿ ವಾರಗಳ ನಂತರ, ಹಳೇ ಲಕ್ಷಣಗಳೊಂದಿಗೇ ನಿಧಾನಕ್ಕೆ ಬರುತ್ತದೆ. ಎರಡಕ್ಕೂ ಮಾಡಬೇಕಾದದ್ದು ಬೇರೆ ಬೇರೆ. ಹಾಗಾಗಿ ಡೋಸ್ ಇಳಿಸಿದ ತಾರೀಖು, ಲಕ್ಷಣ ಶುರುವಾದ ತಾರೀಖು ಎರಡನ್ನೂ ಅದೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡು ಹೋಗಿ. ಡಾಕ್ಟರ್ ಮೊದಲು ಕೇಳುವುದು ಅದನ್ನೇ.